ಕಮಲಾಪುರದ ಬಿಸಿಲು, ಬಚ್ಚಲ ನೀರು

ವಿಜಯನಗರದ ನೀರಿನ ಕತೆ ಹೇಳುವವರು ನೀರು ಊರೊಳಗೆ ಬಂದ ದಾರಿಯನ್ನು ಬಲು ಪ್ರೀತಿಯಿಂದ ಹೇಳುತ್ತಾರೆ. ತುಂಗಭದ್ರೆಗೆ ಅಡ್ಡಲಾಗಿ ಕಟ್ಟಿದ ಒಡ್ಡುಗಳು, ಬಸವಣ್ಣ ಕಾಲುವೆ, ತುರ್ತಾ ಕಾಲುವೆ, ರಾಯ ಕಾಲುವೆ, ಆ ರಾಯ ಕಾಲುವೆಯ ನೀರಿನಿಂದ ತುಂಬುವ ಕಮಲಾಪುರದ ಕೆರೆ, ಕೆರೆಯಿಂದ ಅರಮನೆಯ ಆವರಣದವರೆಗೆ ಹರಿದ ಕಲ್ಲಿನ ಮೇಲ್ಗಾಲುವೆ. ಹಂಪಿಗೆ ಬಂದವರು ಇವನ್ನೆಲ್ಲ ಕಣ್ಣಾರೆ ನೋಡಿ, ಫೋಟೊ ತೆಗೆದುಕೊಂಡು ಹೋಗುತ್ತಾರೆ. ಬಳಸಿ ಬಿಟ್ಟ ನೀರು ಯಾವ ದಾರಿ ಹಿಡಿಯಿತೆಂದು ಕೇಳುವವರು ಕಡಿಮೆ. ಇವತ್ತಿನ ಕಮಲಾಪುರದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ಅದೇ.

ಹೊಸಪೇಟೆಯಿಂದ 12 ಕಿಲೋಮೀಟರ್, ಹಂಪಿಯಿಂದ ನಾಲ್ಕು ಕಿಲೋಮೀಟರ್ ದೂರದ ಈ ಊರಿನ ಮಗ್ಗುಲಲ್ಲೇ ಕೆರೆಯಿದೆ. ಸುತ್ತ ಬಾಳೆ, ಕಬ್ಬು, ಭತ್ತ, ನಡುನಡುವೆ ಬಂಡೆಗುಡ್ಡ. ಇಂಥ ನೆಲದಲ್ಲಿ ಮನೆಯಿಂದ ಹೊರಬಿದ್ದ ನೀರು ಗದ್ದೆ, ಹಳ್ಳ, ಕಾಲುವೆಗಳನ್ನು ದಾಟಿ ಕೊನೆಗೆ ಹೊಳೆಯ ಕಡೆಗೇ ಇಳಿಯುತ್ತದೆ. ತುಂಗಭದ್ರಾ ಜಲಾಶಯದ ಕೆಳಗಿನಿಂದ ಕಂಪ್ಲಿ ಸೇತುವೆಯವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ಸರ್ಕಾರ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಿದೆ. ಹಂಪಿ ಇರುವುದು ಇದರ ನಡುವೆ. ಹಾಗಾಗಿ ಇಲ್ಲಿನ ಬಚ್ಚಲು, ಅಡುಗೆಮನೆ, ಶೌಚಾಲಯಗಳ ನೀರು ಊರಿನ ಸಮಸ್ಯೆ ಮಾತ್ರವಾಗಿ ಉಳಿಯುವುದಿಲ್ಲ; ಹೊಳೆಯಲ್ಲಿ ಮೀನು ಹಿಡಿದು ಬದುಕುವ ನೀರುನಾಯಿಗೂ, ಅದೇ ಹೊಳೆಯ ನೀರು ಕುಡಿಯುವ ಕೆಳಗಿನ ಊರುಗಳಿಗೂ ಅದು ಸಂಬಂಧಪಟ್ಟದ್ದು.

ಸಾಮಾನ್ಯವಾಗಿ ಕೇಳಿಬರುವ ಪರಿಹಾರ ಒಂದೇ. ಊರಿಗೆ ಒಳಚರಂಡಿ (ಯುಜಿಡಿ) ಬರಲಿ, ರಸ್ತೆ ಅಗೆದು ಕೊಳವೆ ಹೂಳಲಿ, ಊರಾಚೆ ದೊಡ್ಡ ಶುದ್ಧೀಕರಣ ಘಟಕ ಕಟ್ಟಲಿ. ದೊಡ್ಡ ನಗರಕ್ಕೆ ಅದು ಸರಿ. ಆದರೆ ಕಮಲಾಪುರದ ಕೆಳಗೆ ಇರುವುದು ಗ್ರಾನೈಟು. ಸುತ್ತಮುತ್ತ ಇರುವುದು 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಸ್ಮಾರಕಗಳು. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಕಟ್ಟಡ ನಿರ್ಮಾಣ ನಿಷಿದ್ಧ, ಅದರಾಚೆಗಿನ 200 ಮೀಟರಿನಲ್ಲಿ ಅನುಮತಿ ಬೇಕು. ಆಳವಾಗಿ ಅಗೆಯುವುದು, ಪಂಪು ಕೂರಿಸುವುದು, ಹಗಲಿರುಳು ಗಾಳಿ ಊದುವ ಯಂತ್ರ ಓಡಿಸುವುದು, ಎಲ್ಲವೂ ದುಬಾರಿ. ಗಾಳಿ ಊದಿ ನೀರು ಶುದ್ಧ ಮಾಡುವ ಘಟಕಗಳಲ್ಲಿ ಒಟ್ಟು ವಿದ್ಯುತ್ತಿನ ಅರ್ಧಕ್ಕಿಂತ ಹೆಚ್ಚು ಪಾಲು ಊದುವುದಕ್ಕೇ ಹೋಗುತ್ತದೆ. ಬಿಲ್ಲು ಕಟ್ಟಲಾಗದ ಸಣ್ಣ ಊರಿನಲ್ಲಿ ಆ ಯಂತ್ರ ನಿಂತ ದಿನ ಶುದ್ಧೀಕರಣವೂ ನಿಲ್ಲುತ್ತದೆ.

ಇನ್ನೊಂದು ದಾರಿಯಿದೆ. ಅದರ ಮೊದಲ ಮೆಟ್ಟಿಲು ಎಷ್ಟೋ ಮನೆಗಳ ಹಿತ್ತಲಲ್ಲಿ ಈಗಾಗಲೇ ಇದೆ: ಸೆಪ್ಟಿಕ್ ಟ್ಯಾಂಕು. ಗಾಳಿಯಾಡದ, ಮುಚ್ಚಿದ ಈ ತೊಟ್ಟಿಯೊಳಗೆ ಆಮ್ಲಜನಕದ ಹಂಗಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಕೊಳೆಯನ್ನು ತಿಂದು ಅನಿಲವಾಗಿ ಬಿಡುತ್ತವೆ. ಎಂಜಿನಿಯರುಗಳು ಅನೇರೋಬಿಕ್ ರಿಯಾಕ್ಟರ್ ಎನ್ನುವುದು ಮೂಲದಲ್ಲಿ ಇದನ್ನೇ. ಫ್ರಾನ್ಸಿನ ಲೂಯಿ ಮೂರಾಸ್ ಇಂಥದೊಂದು ತೊಟ್ಟಿಯನ್ನು 1881ರ ಹೊತ್ತಿಗೆ ಜಗತ್ತಿಗೆ ಪರಿಚಯಿಸಿದ. 1895ರಲ್ಲಿ ಇಂಗ್ಲೆಂಡಿನ ಎಕ್ಸೆಟರ್ ಊರಿನಲ್ಲಿ ಡೊನಾಲ್ಡ್ ಕ್ಯಾಮರಾನ್ ಅದಕ್ಕೆ ಸೆಪ್ಟಿಕ್ ಟ್ಯಾಂಕ್ ಎಂದು ಹೆಸರಿಟ್ಟ. 1897ರಲ್ಲಿ ಮುಂಬೈಯ ಮಾಟುಂಗದ ಕುಷ್ಠರೋಗಿಗಳ ಆಶ್ರಮದಲ್ಲಿ ಮಲದ ತೊಟ್ಟಿಯ ಅನಿಲವನ್ನು ಹಿಡಿದು ಬಳಸಿದ್ದು ಈ ವಿದ್ಯೆಯ ಆರಂಭದ ಪ್ರಯೋಗಗಳಲ್ಲಿ ಒಂದು. ಕರ್ನಾಟಕಕ್ಕೂ ಇದು ಹೊಸತಲ್ಲ. ಅಮೂಲ್ಯ ರೆಡ್ಡಿಯವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭಿಸಿದ ‘ಅಸ್ತ್ರ’ ತಂಡ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಸಗಣಿಯ ಅನಿಲದಿಂದ ಎಂಜಿನ್ ಓಡಿಸಿ ಮನೆಮನೆಗೆ ನೀರು, ಬೆಳಕು ಕೊಟ್ಟಿತ್ತು. ಗೋಬರ್ ಗ್ಯಾಸ್ ತೊಟ್ಟಿಯಲ್ಲಿ ದುಡಿಯುವ ಜೀವಿಗಳೂ ಸೆಪ್ಟಿಕ್ ಟ್ಯಾಂಕಿನಲ್ಲಿ ದುಡಿಯುವ ಜೀವಿಗಳೂ ಒಂದೇ ಬಳಗದವು.

ಈ ಬಳಗ ಸರಪಣಿ ಕಟ್ಟಿಕೊಂಡು ಕೆಲಸ ಮಾಡುತ್ತದೆ. ಮೊದಲ ಗುಂಪಿನ ಬ್ಯಾಕ್ಟೀರಿಯಾಗಳು ಮಲ, ಅನ್ನದ ಅಗುಳು, ಎಣ್ಣೆ ಜಿಡ್ಡುಗಳ ದೊಡ್ಡ ಅಣುಗಳನ್ನು ಕತ್ತರಿಸಿ ನೀರಿನಲ್ಲಿ ಕರಗಿಸುತ್ತವೆ. ಎರಡನೆಯವು ಕರಗಿದ್ದನ್ನು ಆಮ್ಲಗಳಾಗಿ ಮಾರ್ಪಡಿಸುತ್ತವೆ. ಮೂರನೆಯವು ಆ ಆಮ್ಲಗಳಿಂದ ಅಸಿಟಿಕ್ ಆಮ್ಲವನ್ನೂ ಹೈಡ್ರೋಜನ್ನನ್ನೂ ಮಾಡುತ್ತವೆ. ಕೊನೆಯವು ಇವನ್ನು ತಿಂದು ಮೀಥೇನ್ ಬಿಡುತ್ತವೆ. ಈ ಕೊನೆಯವು ಬ್ಯಾಕ್ಟೀರಿಯಾಗಳೇ ಅಲ್ಲ; ಆರ್ಕಿಯಾ ಎಂಬ ಬೇರೆಯೇ ಜೀವವರ್ಗಕ್ಕೆ ಸೇರಿದವು ಎಂಬುದು 1977ರಲ್ಲಿ ಕಾರ್ಲ್ ವೋಸ್ ನಡೆಸಿದ ಸಂಶೋಧನೆಯಿಂದ ಗೊತ್ತಾಯಿತು. ತೊಟ್ಟಿಯ ಯೋಗಕ್ಷೇಮವೆಲ್ಲ ಇವುಗಳ ಕೈಯಲ್ಲಿದೆ. ಆಮ್ಲ ಮಾಡುವವು ಗಂಟೆಗಳಲ್ಲಿ ಇಮ್ಮಡಿಯಾಗುತ್ತವೆ, ಮೀಥೇನ್ ಮಾಡುವವಕ್ಕೆ ದಿನಗಳೇ ಬೇಕು. ಶುದ್ಧೀಕರಣ ತೊಟ್ಟಿಯ ವಿನ್ಯಾಸದಲ್ಲಿ ಎಂಜಿನಿಯರುಗಳು ಮಾಡುವ ಹೊಂದಾಣಿಕೆಗಳಲ್ಲಿ ಬಹುಪಾಲು ಈ ನಿಧಾನಸ್ಥ ಜೀವಿಗಳಿಗೆ ಅನುಕೂಲ ಮಾಡಿಕೊಡುವುದಕ್ಕಾಗಿಯೇ.

ಮೊದಲನೆಯ ಅನುಕೂಲ ಶಾಖ. ಮೀಥೇನ್ ಜೀವಿಗಳಿಗೆ 30ರಿಂದ 37 ಡಿಗ್ರಿ ಸೆಲ್ಸಿಯಸ್ ಹಿತ. 20ಕ್ಕಿಂತ ಕೆಳಗಿಳಿದರೆ ಸೋಮಾರಿಯಾಗುತ್ತವೆ, 15ಕ್ಕಿಂತ ಕೆಳಗೆ ಬಹುಮಟ್ಟಿಗೆ ಕೈಕಟ್ಟಿ ಕೂರುತ್ತವೆ. ಹತ್ತು ಡಿಗ್ರಿ ಏರಿದರೆ ಕೆಲಸದ ವೇಗ ಹೆಚ್ಚುಕಡಿಮೆ ಇಮ್ಮಡಿ. ದೋಸೆ ಹಿಟ್ಟು ಚೈತ್ರದಲ್ಲಿ ರಾತ್ರಿ ಕಳೆಯುವುದರೊಳಗೆ ಉಕ್ಕಿ, ಮಾರ್ಗಶಿರದಲ್ಲಿ ಮರುದಿನ ಮಧ್ಯಾಹ್ನವಾದರೂ ಏಳದಿರುವುದನ್ನು ಕಂಡವರಿಗೆ ಈ ಲೆಕ್ಕ ಹೊಸದೇನಲ್ಲ. ಯುರೋಪಿನ ಚಳಿಯಲ್ಲಿ ತೊಟ್ಟಿಯನ್ನು ಬೆಚ್ಚಗಿಡಲು ಇಂಧನ ಸುಡಬೇಕು. ಹೊಸಪೇಟೆ, ಸಂಡೂರು, ಕಂಪ್ಲಿಯ ಸೀಮೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಹೋಗುತ್ತದೆ. ಚಳಿಗಾಲದ ರಾತ್ರಿ ತಂಪಾದರೂ ನೆಲದೊಳಗೆ ಎರಡು ಮೂರು ಮೀಟರ್ ಆಳದಲ್ಲಿ ಶಾಖ ವರ್ಷದ ಸರಾಸರಿಯಿಂದ ಹೆಚ್ಚು ಕದಲುವುದಿಲ್ಲ. ಈ ಭಾಗದಲ್ಲಿ ಆ ಸರಾಸರಿ 27 ಡಿಗ್ರಿಯ ಹತ್ತಿರ. ಜನ ಬೈದುಕೊಳ್ಳುವ ಬಳ್ಳಾರಿ ಸೀಮೆಯ ಬಿಸಿಲು ಈ ಒಂದು ಕೆಲಸಕ್ಕೆ ಪುಕ್ಕಟೆ ಬಂಡವಾಳ. ನೆಲದೊಳಗೆ ಕಟ್ಟಿದ ತೊಟ್ಟಿ ವರ್ಷವಿಡೀ ದುಡಿಯಬಲ್ಲ ಇಂಥ ಪ್ರದೇಶ, ವಿದ್ಯುತ್ ಸುಡುವ ತಂತ್ರಜ್ಞಾನವನ್ನೇ ಮೊದಲು ನೆನೆಯುವುದು ದೊಡ್ಡ ನಷ್ಟ.

ಎರಡನೆಯದು ಹುಳಿ. ಕೊಳೆ ಒಮ್ಮೆಲೇ ಹೆಚ್ಚು ಬಿದ್ದರೆ ಚುರುಕಿನ ಗುಂಪು ಆಮ್ಲವನ್ನು ರಾಶಿ ಹಾಕುತ್ತದೆ, ನಿಧಾನದ ಗುಂಪು ಅದನ್ನು ಖಾಲಿ ಮಾಡಲಾಗದೆ ಸೋಲುತ್ತದೆ. ನೀರಿನ ಪಿಎಚ್ 6.8ರಿಂದ 7.2ರ ನಡುವೆ ಇದ್ದರೆ ಕ್ಷೇಮ. 6.5ಕ್ಕಿಂತ ಕೆಳಗಿಳಿದರೆ ಮೀಥೇನ್ ಕಟ್ಟುವುದು ಕುಗ್ಗಿ, ಆಮ್ಲ ಇನ್ನಷ್ಟು ಏರಿ, ತೊಟ್ಟಿ ಹುಳಿ ಹಿಡಿದು ನಾರುತ್ತದೆ. ಮನೆಬಳಕೆಯ ನೀರಿನಲ್ಲಿ ಈ ಅಪಾಯ ಕಾರ್ಖಾನೆಯ ನೀರಿಗಿಂತ ಕಡಿಮೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿರುವ ಬೈಕಾರ್ಬೊನೇಟು ಆಮ್ಲವನ್ನು ಹಿಡಿದಿಡುತ್ತದೆ. ಆದರೆ ಪ್ರವಾಸಿಗರನ್ನು ನಂಬಿದ ಊರಿನಲ್ಲಿ ವಾರದ ನಡುವೆ ಖಾಲಿಯಿದ್ದ ವಸತಿಗೃಹ ಶನಿವಾರ ತುಂಬುತ್ತದೆ, ಹಂಪಿ ಉತ್ಸವಕ್ಕೆ ಉಕ್ಕಿ ಹರಿಯುತ್ತದೆ. ಆ ಏರಿಳಿತಕ್ಕೆ ತಕ್ಕಷ್ಟು ಜಾಗ ಬಿಟ್ಟು ಕಟ್ಟದ ತೊಟ್ಟಿ ಹಬ್ಬದ ವಾರದಲ್ಲೇ ಕೈಕೊಡುತ್ತದೆ.

ಮೂರನೆಯದು ಸಮಯ, ಇಡೀ ವಿಷಯದ ತಿರುಳು ಇಲ್ಲಿದೆ. ನೀರು ಬೇಗ ಹೊರಟುಹೋಗಬೇಕು, ಇಲ್ಲವಾದರೆ ತೊಟ್ಟಿ ಬೃಹತ್ತಾಗಿರಬೇಕಾಗುತ್ತದೆ. ಜೀವಿಗಳು ಮಾತ್ರ ಹೋಗಬಾರದು, ಹೋದರೆ ಅವು ಮತ್ತೆ ಬೆಳೆಯಲು ತಿಂಗಳುಗಳು ಬೇಕು. ನೀರು ಒಳಗಿರುವ ಅವಧಿಯನ್ನೂ ಕೆಸರು ಒಳಗಿರುವ ಅವಧಿಯನ್ನೂ ಬೇರ್ಪಡಿಸುವುದು ಹೇಗೆ? ಸಾಮಾನ್ಯ ಸೆಪ್ಟಿಕ್ ಟ್ಯಾಂಕಿನಲ್ಲಿ ನೀರು ಕೆಸರಿನ ಮೇಲಿಂದ ಸುಮ್ಮನೆ ಹಾದುಹೋಗುತ್ತದೆ, ಕರಗಿದ ಕೊಳೆಗೂ ಕೆಳಗೆ ಕುಳಿತ ಜೀವಿಗೂ ಭೇಟಿಯೇ ಆಗುವುದಿಲ್ಲ. ನೆದರ್ಲೆಂಡ್ಸಿನ ವಾಗೆನಿಂಗೆನ್ ವಿಶ್ವವಿದ್ಯಾಲಯದ ಗಾಟ್ಸೆ ಲೆಟಿಂಗಾ 1970ರ ದಶಕದಲ್ಲಿ ಇದಕ್ಕೊಂದು ಉಪಾಯ ಕಂಡರು. ನೀರನ್ನು ತೊಟ್ಟಿಯ ತಳದಿಂದ ಒಳಬಿಟ್ಟು, ಕೆಸರಿನ ಹಾಸಿನ ಮೂಲಕ ನಿಧಾನವಾಗಿ ಮೇಲೇರಿಸುವುದು. ಏರುವ ವೇಗ ಗಂಟೆಗೆ ಅರ್ಧ ಮೀಟರಿನಿಂದ ಮುಕ್ಕಾಲು ಮೀಟರಿನೊಳಗೆ ಇದ್ದರೆ ನೀರು ಮೇಲೆ ಹೋಗುತ್ತದೆ, ಭಾರದ ಕೆಸರು ಕೆಳಗೇ ತೇಲಾಡುತ್ತ ಉಳಿಯುತ್ತದೆ. ಬೆಚ್ಚಗಿನ ನಾಡಿನಲ್ಲಿ ನೀರು ಎಂಟು ಗಂಟೆ ಒಳಗಿದ್ದರೆ ಸಾಕು. ಯುಎಎಸ್‌ಬಿ ಎಂದು ಹೆಸರಾದ ಈ ವಿಧಾನಕ್ಕೆ ಲೆಟಿಂಗಾ ಪೇಟೆಂಟ್ ಪಡೆಯಲಿಲ್ಲ, ಬಡ ದೇಶಗಳು ಧಾರಾಳವಾಗಿ ಬಳಸಲೆಂದು ಬಿಟ್ಟರು. ಊರಿನ ಕೊಳಚೆ ನೀರಿನ ಮೇಲೆ ಅದರ ಪ್ರಯೋಗ ನಡೆದದ್ದು 1983ರಲ್ಲಿ ಕೊಲಂಬಿಯಾದ ಕಾಲಿ ನಗರದಲ್ಲಿ. ಭಾರತಕ್ಕೆ ಬಂದದ್ದು ಗಂಗಾ ಕ್ರಿಯಾ ಯೋಜನೆಯಡಿ, 1989ರಲ್ಲಿ ಕಾನ್ಪುರದ ಜಾಜ್‌ಮೌಗೆ, ದಿನಕ್ಕೆ 50 ಲಕ್ಷ ಲೀಟರಿನ ಘಟಕವಾಗಿ.

ಕಾನ್ಪುರದ ಯಶಸ್ಸು ಕಂಡು ಯಮುನಾ ಯೋಜನೆಯಲ್ಲಿ ಹರಿಯಾಣ, ಉತ್ತರ ಪ್ರದೇಶಗಳ ಊರೂರಿಗೆ ಇದೇ ಘಟಕ ಬಂತು. ಅಲ್ಲಿ ಒಂದು ಪಾಠ ಸಿಕ್ಕಿತು. ಆಮ್ಲಜನಕವಿಲ್ಲದ ತೊಟ್ಟಿ ಕೊಳೆಯ ಮುಕ್ಕಾಲು ಪಾಲನ್ನು ತೆಗೆಯಬಲ್ಲದು, ಪೂರ್ತಿಯಾಗಿ ಎಂದೂ ತೆಗೆಯದು. ಹೊರಬಿದ್ದ ನೀರನ್ನು ಒಂದು ದಿನ ಕೊಳದಲ್ಲಿ ನಿಲ್ಲಿಸಿದ ಮಾತ್ರಕ್ಕೆ ಅದು ನದಿಗೆ ಬಿಡುವಷ್ಟು ಶುದ್ಧವಾಗಲಿಲ್ಲ. ಮುಂದಿನ ಹಂತ ಗಟ್ಟಿಯಾಗಿರಬೇಕು ಎಂಬುದಕ್ಕೆ ಕರ್ನಾಟಕದಲ್ಲೇ ಉದಾಹರಣೆ ಬೆಂಗಳೂರಿನ ಜಕ್ಕೂರು. ಅಲ್ಲಿ ದಿನಕ್ಕೆ ಒಂದು ಕೋಟಿ ಲೀಟರಿನ ಲೆಕ್ಕದಲ್ಲಿ ಕಟ್ಟಿದ ಜಲಮಂಡಳಿಯ ಘಟಕ ಮೊದಲು ಯುಎಎಸ್‌ಬಿಯಲ್ಲಿ ಕೊಳೆ ಇಳಿಸಿ, ಆಮೇಲೆ ಗಾಳಿ ಊದಿ, ಆ ನೀರನ್ನು ಆಪು-ಜೊಂಡು ಬೆಳೆದ ಜೌಗಿನ ಮೂಲಕ ಹಾಯಿಸಿ ಕೆರೆಗೆ ಬಿಡುವಂತೆ ವ್ಯವಸ್ಥೆಯಾಯಿತು. ನೀರಿನ ಕೊಳೆಯನ್ನು ಮೊದಲ ಹಂತವೇ ಬಹುಪಾಲು ನುಂಗಿದ್ದರಿಂದ ಊದುವ ಯಂತ್ರದ ಹೊರೆ ಹಗುರವಾಗುತ್ತದೆ.

ಕಮಲಾಪುರದಂಥ ಊರಿಗೆ ಇನ್ನೂ ಸರಳವಾದ ರೂಪವಿದೆ: ಅಡ್ಡಗೋಡೆಗಳ ತೊಟ್ಟಿ. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಪೆರಿ ಮೆಕಾರ್ಟಿ ಮತ್ತು ಸಂಗಡಿಗರು 1980ರ ದಶಕದ ಆರಂಭದಲ್ಲಿ ರೂಪಿಸಿದ ಇದರಲ್ಲಿ ಒಂದೇ ಉದ್ದನೆಯ ತೊಟ್ಟಿಯನ್ನು ಕೋಣೆಕೋಣೆಯಾಗಿ ಸೀಳಿ, ಪ್ರತಿ ಕೋಣೆಯಲ್ಲೂ ನೀರು ಕೆಳಗಿಳಿದು ಕೆಸರಿನ ಮೂಲಕ ಮೇಲೇರಿ ಮುಂದಿನ ಕೋಣೆಗೆ ಬೀಳುವಂತೆ ಮಾಡುತ್ತಾರೆ. ಪಂಪು ಬೇಡ, ಕರೆಂಟು ಬೇಡ, ಇಳಿಜಾರು ಸಾಕು. ಬೆಂಗಳೂರಿನ ಸಿಡಿಡಿ ಸೊಸೈಟಿ ಇಂಥ ತೊಟ್ಟಿಗಳನ್ನು ಡೀವ್ಯಾಟ್ಸ್ ಎಂಬ ಹೆಸರಿನ ವ್ಯವಸ್ಥೆಯ ಭಾಗವಾಗಿ ಶಾಲೆ, ಆಸ್ಪತ್ರೆ, ಬಡಾವಣೆಗಳಲ್ಲಿ ಬಳಕೆಗೆ ತರಲು ದುಡಿದಿದೆ.

ಒಂದು ಲೆಕ್ಕ ಹಾಕಿ ನೋಡಬಹುದು. ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ನೂರಕ್ಕೆ 80ರಷ್ಟು ಕೊಳಚೆಯಾಗಿ ಹೊರಬರುತ್ತದೆ ಎಂಬುದು ಎಂಜಿನಿಯರುಗಳ ರೂಢಿ. ಐದು ಜನರ ಮನೆಗೆ 540 ಲೀಟರ್, ನೂರು ಮನೆಗಳ ಕೇರಿಗೆ 54 ಸಾವಿರ ಲೀಟರ್. ನೀರು 36 ಗಂಟೆ ಒಳಗಿರಬೇಕೆಂದರೆ 81 ಘನ ಮೀಟರಿನ ತೊಟ್ಟಿ ಬೇಕು. ಎರಡು ಮೀಟರ್ ಆಳ, ನಾಲ್ಕೂವರೆ ಮೀಟರ್ ಅಗಲ, ಒಂಬತ್ತು ಮೀಟರ್ ಉದ್ದ. ಮೊದಲ ಮೂರು ಮೀಟರ್ ಗಸಿ ಕೂರುವುದಕ್ಕೆ, ಉಳಿದ ಆರು ಮೀಟರಿನಲ್ಲಿ ಐದು ಕೋಣೆ. ನೀರೆಲ್ಲ ಬೆಳಗ್ಗೆ-ಸಂಜೆ ಸೇರಿ ಹತ್ತು ಗಂಟೆಯೊಳಗೇ ಬಂದುಬಿಡುತ್ತದೆ ಎಂದುಕೊಂಡರೂ ಕೋಣೆಯಲ್ಲಿ ನೀರು ಏರುವ ವೇಗ ಗಂಟೆಗೆ ಒಂದು ಮೀಟರ್ ದಾಟುವುದಿಲ್ಲ. ಅದು ದಾಟಿದರೆ ಕೆಸರು ಕೊಚ್ಚಿಕೊಂಡು ಹೋಗುತ್ತದೆ. ಮೇಲೆ ಚಪ್ಪಡಿ ಮುಚ್ಚಿ ಮಕ್ಕಳು ಆಡುವ ಜಾಗವನ್ನೇ ಮಾಡಬಹುದು. ಅನಿಲ ಹೋಗಲು ಎತ್ತರದ ಕೊಳವೆಯೊಂದು ಮಾತ್ರ ಕಡ್ಡಾಯ.

ಈ ಅನಿಲದ ಬಗ್ಗೆ ಆಸೆ ಹುಟ್ಟಿಸುವ ಮಾತುಗಳು ಬಹಳ. ನಿಜವನ್ನೇ ಹೇಳಬೇಕು. ಬಚ್ಚಲು, ಶೌಚದ ನೀರು ತುಂಬಾ ತೆಳು. ಲೀಟರಿಗೆ ಅರ್ಧ ಗ್ರಾಮಿನಷ್ಟು ಕೊಳೆ, ಅಂದರೆ ಅದನ್ನು ಪೂರ್ತಿ ಸುಡಲು ಅರ್ಧ ಗ್ರಾಮ್ ಆಮ್ಲಜನಕ ಬೇಕಾಗುವಷ್ಟು. ಹೀಗೆ ಅಳೆದ ಒಂದು ಕಿಲೋ ಕೊಳೆ ಕರಗಿದರೆ ಹುಟ್ಟುವ ಮೀಥೇನ್ ಸುಮಾರು 350 ಲೀಟರ್. ಐದು ಜನರ ಮನೆಯ ಕೊಳೆ ದಿನಕ್ಕೆ 270 ಗ್ರಾಮ್. ನೂರಕ್ಕೆ 70ರಷ್ಟು ಕರಗಿದರೂ ಮೀಥೇನ್ ಸಿಗುವುದು 66 ಲೀಟರ್. ಅದರಲ್ಲೂ ಒಂದು ಪಾಲು ನೀರಿನಲ್ಲೇ ಕರಗಿ ಹೊರಟುಹೋಗುತ್ತದೆ. ಹೆಚ್ಚೆಂದರೆ ಚಹಾ ಕಾಯಿಸಬಹುದು, ಅಡುಗೆ ಆಗದು. ಒಲೆ ಉರಿಯಬೇಕೆಂದರೆ ಕೊಟ್ಟಿಗೆಯ ಸಗಣಿ, ಹೋಟೆಲಿನ ಉಳಿದ ಅನ್ನ ಜತೆಗೂಡಬೇಕು. ಹಾಗೆಂದು ಮೀಥೇನನ್ನು ಕಡೆಗಣಿಸುವಂತಿಲ್ಲ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ. ದೊಡ್ಡ ವಸತಿಗೃಹ, ಹಾಸ್ಟೆಲ್ಲುಗಳ ಘಟಕದಲ್ಲಾದರೂ ಅದನ್ನು ಹಿಡಿದು ಸುಡುವ ಏರ್ಪಾಡು ಇರಬೇಕು. ಈ ವಿಧಾನದ ದೊಡ್ಡ ಲಾಭ ಅನಿಲಕ್ಕಿಂತ ಉಳಿತಾಯದಲ್ಲಿದೆ: ಊದುವ ವಿದ್ಯುತ್ತೂ ಬೇಡ, ಗಾಳಿ ಊದುವ ಘಟಕದಲ್ಲಿ ಹುಟ್ಟುವ ಕೆಸರಿನ ಸಣ್ಣ ಪಾಲಷ್ಟೇ ಇಲ್ಲಿ ಹುಟ್ಟುತ್ತದೆ.

ತೊಟ್ಟಿಯಿಂದ ಹೊರಬಂದ ನೀರು ತಿಳಿಯಾಗಿ ಕಂಡರೂ ಅದರಲ್ಲಿ ಅಮೋನಿಯಾ, ರಂಜಕ, ರೋಗಾಣು ಎಲ್ಲ ಇರುತ್ತವೆ; ಗಂಧಕದ ನಾತವೂ ಇರುತ್ತದೆ. 2017ರ ಕೇಂದ್ರ ಅಧಿಸೂಚನೆಯಂತೆ ದೊಡ್ಡ ನಗರಗಳನ್ನು ಬಿಟ್ಟು ಉಳಿದೆಡೆ ಶುದ್ಧೀಕರಿಸಿದ ನೀರಿನ ಬಿಒಡಿ, ಅಂದರೆ ಉಳಿದ ಕೊಳೆಯನ್ನು ತಿನ್ನಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ, ಲೀಟರಿಗೆ 30 ಮಿಲಿಗ್ರಾಮ್ ಮೀರಬಾರದು. ಆ ಮಟ್ಟಕ್ಕೆ ಇಳಿಸಲು ಜಲ್ಲಿ ತುಂಬಿದ ಮಡಿಯಲ್ಲಿ ಕಾಬಾಳೆ, ಆಪು ನೆಟ್ಟು ನೀರನ್ನು ಬೇರುಗಳ ನಡುವೆ ಹಾಯಿಸುತ್ತಾರೆ. ನೂರು ಮನೆಗೆ ಕೆಲವು ನೂರು ಚದರ ಮೀಟರ್ ಮಡಿ ಬೇಕು, ಜಾಗ ಹುಡುಕುವ ಕಷ್ಟ ಇಲ್ಲಿದೆ. ಅಲ್ಲಿಂದ ಮುಂದೆ ನೀರು ಬಾಳೆಯ ಬುಡಕ್ಕೆ ಹೋದರೆ ಉಳಿದ ಅಮೋನಿಯಾ, ರಂಜಕವೇ ಗೊಬ್ಬರ. ಹಸಿಯಾಗಿ ತಿನ್ನುವ ಸೊಪ್ಪು, ಸೌತೆಗೆ ಈ ನೀರು ಸಲ್ಲದು.

ಇನ್ನು ಕೆಸರು. ಎಷ್ಟೇ ಚೆನ್ನಾಗಿ ದುಡಿದರೂ ತೊಟ್ಟಿಯಲ್ಲಿ ಗಸಿ ನಿಲ್ಲುತ್ತದೆ, ಎರಡು ಮೂರು ವರ್ಷಕ್ಕೊಮ್ಮೆ ತೆಗೆಯಲೇಬೇಕು. ಅದನ್ನು ಸಕ್ಕಿಂಗ್ ಗಾಡಿಯೇ ತೆಗೆಯಬೇಕು, ಮನುಷ್ಯ ಇಳಿಯಕೂಡದು. ಮುಚ್ಚಳ ತೆರೆದ ತೊಟ್ಟಿಯೊಳಗಿನ ಹೈಡ್ರೋಜನ್ ಸಲ್ಫೈಡ್ ಒಂದೆರಡು ಉಸಿರಿನಲ್ಲೇ ಪ್ರಜ್ಞೆ ತಪ್ಪಿಸಬಲ್ಲದು. ಬಿದ್ದವನನ್ನು ಎತ್ತಲು ಇಳಿದವನೂ ಸಾಯುತ್ತಾನೆ. ತಲೆಯ ಮೇಲೆ ಮಲ ಹೊರುವುದನ್ನು 1970ರ ದಶಕದಲ್ಲೇ ಸಚಿವ ಬಿ. ಬಸವಲಿಂಗಪ್ಪನವರು ನಿಲ್ಲಿಸಿದ ನಾಡು ಇದು. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆ ಅಪಾಯಕರ ತೊಟ್ಟಿ ಸ್ವಚ್ಛತೆಯನ್ನು ಅಪರಾಧವಾಗಿಸಿದೆ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಇಂಥ ಸಾವಿನ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಒಂದು ಜೀವಕ್ಕೂ ಕುತ್ತು ತಾರದ ಹಾಗೆ ತೊಟ್ಟಿ ಕಟ್ಟುವುದು ಸಾಧ್ಯವಿದೆ: ಪ್ರತಿ ಕೋಣೆಗೂ ಗಾಡಿಯ ಕೊಳವೆ ಇಳಿಯುವಷ್ಟು ಬಾಯಿ, ಗಾಡಿ ಬಂದು ನಿಲ್ಲುವಷ್ಟು ರಸ್ತೆ. ನಕ್ಷೆ ಬರೆಯುವ ದಿನವೇ ಇದನ್ನು ಯೋಚಿಸಬೇಕು.

ಗಾಡಿ ತುಂಬಿಕೊಂಡ ಕೆಸರು ಹಳ್ಳಕ್ಕೆ ಸುರಿದುಹೋದರೆ ಮಾಡಿದ್ದೆಲ್ಲ ವ್ಯರ್ಥ. ಇದಕ್ಕೆ ದೇವನಹಳ್ಳಿ ತೋರಿಸಿದ ದಾರಿ ಕಣ್ಣಮುಂದಿದೆ. 2011ರ ಜನಗಣತಿಯಲ್ಲಿ 28 ಸಾವಿರದಷ್ಟು ಜನರಿದ್ದ, ಒಳಚರಂಡಿ ಇಲ್ಲದ ಆ ಪುರಸಭೆಯ ಊರಿನಲ್ಲಿ 2015ರಲ್ಲಿ ಸಿಡಿಡಿ ಸೊಸೈಟಿ ಮಲದ ಕೆಸರಿನ ಸಂಸ್ಕರಣಾ ಘಟಕ ಕಟ್ಟಿತು. ಊರಿಗೊಂದು ಎಂಬ ಮಟ್ಟದಲ್ಲಿ ದೇಶದಲ್ಲೇ ಮೊದಲ ಘಟಕಗಳಲ್ಲಿ ಅದೊಂದು. ದಿನಕ್ಕೆ ಆರು ಸಾವಿರ ಲೀಟರ್ ಕೆಸರು ಹಿಡಿಯುವ ಸಾಮರ್ಥ್ಯ. ಕೆಸರು ಮೊದಲು ಆಮ್ಲಜನಕವಿಲ್ಲದ ತೊಟ್ಟಿಗಳಲ್ಲಿ ಕೊಳೆತು, ಒಣಗುವ ಮಡಿಗಳಲ್ಲಿ ಆರುತ್ತದೆ. ಬಸಿದ ನೀರು ಅಡ್ಡಗೋಡೆಯ ತೊಟ್ಟಿ, ಗಿಡದ ಮಡಿಗಳನ್ನು ಹಾಯುತ್ತದೆ. ಎಲ್ಲವೂ ಇಳಿಜಾರಿನ ಬಲದಿಂದ. ಒಣಗಿದ್ದನ್ನು ಊರಿನ ಹಸಿಕಸದ ಜತೆ ಕೊಳೆಸಿ ಗೊಬ್ಬರ ಮಾಡಿ ರೈತರಿಗೆ ಕೊಡುವ ಏರ್ಪಾಡೂ ಆಯಿತು. ಕಮಲಾಪುರ, ಕಂಪ್ಲಿ, ಸಂಡೂರುಗಳು ಒಂದೊಂದೂ ಬೇರೆಬೇರೆ ಘಟಕ ಕಟ್ಟುವುದು ಕಷ್ಟವೆನಿಸಿದರೆ ಗಾಡಿ ಓಡುವ ದೂರದೊಳಗೆ ಒಂದನ್ನು ಹಂಚಿಕೊಳ್ಳಬಹುದು. ಒಣಗಿಸುವುದಕ್ಕಂತೂ ಇಲ್ಲಿನ ಬಿಸಿಲಿಗೆ ಸಾಟಿಯಿಲ್ಲ.

ಮನೆಯವರ ಪಾಲೂ ಇದರಲ್ಲಿದೆ. ಮಾಳಿಗೆಯ ಮಳೆನೀರನ್ನು ಶೌಚದ ಕೊಳವೆಗೆ ಜೋಡಿಸಿದರೆ ಮೊದಲ ಜೋರು ಮಳೆಗೇ ಕೆಸರೆಲ್ಲ ತೊಳೆದುಹೋಗುತ್ತದೆ. ಬಕೆಟ್ಟುಗಟ್ಟಲೆ ಫಿನೈಲು, ಆಸಿಡ್ಡು, ಬ್ಲೀಚಿಂಗ್ ಪೌಡರು ಸುರಿದರೆ ಬಚ್ಚಲಿನ ರೋಗಾಣುವಿನ ಜತೆ ತೊಟ್ಟಿಯಲ್ಲಿ ದುಡಿಯುವ ಜೀವಿಯೂ ಸಾಯುತ್ತದೆ. ಕರಿದ ಎಣ್ಣೆ ಮೇಲೆ ಗಟ್ಟಿ ಪದರವಾಗಿ ನಿಲ್ಲುತ್ತದೆ. ಮಿರ್ಚಿ, ಬಜ್ಜಿ ಕರಿಯುವ ಹೋಟೆಲುಗಳಿಗೆ ಜಿಡ್ಡು ಹಿಡಿಯುವ ಸಣ್ಣ ತೊಟ್ಟಿ ಬೇರೆಯೇ ಬೇಕು. ಸ್ಯಾನಿಟರಿ ಪ್ಯಾಡು, ಮಗುವಿನ ಡೈಪರು ಎಂದೂ ಕರಗುವುದಿಲ್ಲ. ಎಷ್ಟೋ ಕಡೆ ಸೆಪ್ಟಿಕ್ ಟ್ಯಾಂಕು ಎಂದು ಕರೆಯುವುದು ಸಿಮೆಂಟ್ ರಿಂಗು ಇಳಿಸಿದ, ತಳವಿಲ್ಲದ ಗುಂಡಿಯನ್ನು. ಬಂಡೆಯ ಬಿರುಕುಗಳಿರುವ ನೆಲದಲ್ಲಿ ಅದರ ನೀರು ಪಕ್ಕದ ಬೋರ್‌ವೆಲ್ಲಿಗೆ ಇಳಿಯುವ ಭಯ ಯಾವಾಗಲೂ ಇದೆ. ಮೊದಲು ಸರಿಪಡಿಸಬೇಕಾದದ್ದು ಅಂಥ ಗುಂಡಿಗಳನ್ನು.

ಹೊಸ ತೊಟ್ಟಿ ಕಟ್ಟಿದರೆ ಅದನ್ನು ಆರಂಭಿಸಲು ಮಾರ್ಚ್ ತಿಂಗಳು ಒಳ್ಳೆಯದು. ದುಡಿಯುತ್ತಿರುವ ಗೋಬರ್ ಗ್ಯಾಸಿನ ಬಗ್ಗಡವನ್ನೋ ಹಳೆಯ ತೊಟ್ಟಿಯ ಕೆಸರನ್ನೋ ಕೋಣೆಗಳಿಗೆ ಹೆಪ್ಪಾಗಿ ಹಾಕಿ, ಮೊದಲ ವಾರಗಳಲ್ಲಿ ಕೆಲವೇ ಮನೆಗಳ ನೀರು ಬಿಟ್ಟು, ನಿಧಾನವಾಗಿ ಮನೆಗಳನ್ನು ಕೂಡಿಸುತ್ತ ಹೋದರೆ ಜೀವಿಗಳು ನೆಲೆಯೂರಲು ಮೂರು ನಾಲ್ಕು ತಿಂಗಳು ಹಿಡಿಯುತ್ತದೆ. ಏಪ್ರಿಲ್, ಮೇ ತಿಂಗಳ ಧಗೆ ಆ ಕೆಲಸವನ್ನು ಚುರುಕುಗೊಳಿಸುತ್ತದೆ. ಆಮೇಲೆ ಆರು ತಿಂಗಳಿಗೊಮ್ಮೆ, ಬಿಳಿ ಬಟ್ಟೆ ಸುತ್ತಿದ ಕೋಲನ್ನು ಹೊರಗಿನಿಂದಲೇ ಪ್ರತಿ ಕೋಣೆಯ ತಳಕ್ಕೆ ಇಳಿಸಿ ಕೆಸರು ಎಷ್ಟು ಎತ್ತರ ಬಂದಿದೆಯೆಂದು ಅಳೆದು ಬರೆದಿಡಬೇಕು. ನೀರಿನ ಆಳದ ಮೂರನೇ ಒಂದು ಪಾಲು ತುಂಬಿತೆಂದರೆ ಗಾಡಿ ಕರೆಸುವ ಹೊತ್ತು. ಆಗಲೂ ಎಲ್ಲವನ್ನೂ ಹೀರಿಬಿಡದೆ, ಕೋಣೆಕೋಣೆಯಲ್ಲೂ ಒಂದಿಷ್ಟು ಕಪ್ಪು ಕೆಸರನ್ನು ಮುಂದಿನ ಹೆಪ್ಪಿಗೆ ಉಳಿಸಬೇಕು. ಈ ಅಳತೆಯ ಪುಸ್ತಕ ಇಡುವ ಕೆಲಸಕ್ಕೆ ಸ್ಥಳೀಯ ಸಂಸ್ಥೆಯಲ್ಲಿ ಒಬ್ಬರ ಹೆಸರು ಬರೆದು, ಅವರ ಸಂಬಳವನ್ನು ಬಜೆಟ್ಟಿನಲ್ಲಿ ತೆಗೆದಿಟ್ಟ ಮೇಲೆಯೇ ಗುದ್ದಲಿ ಪೂಜೆಯಾಗಬೇಕು.